ಅಂತರರಾಷ್ಟ್ರೀಯ ಪ್ರಕೃತಿ ಸಂಸ್ಥೆಗೆ ಸದಸ್ಯರಾದರೆ ಏನು ಸಿಗುತ್ತೆ?

ಪ್ರಶ್ನೆ: ನಾನು ಪಾಂಡವಪುರದ ಹತ್ತಿರದ ಒಂದು ಶಾಲೆಯಲ್ಲಿ ಮೇಷ್ಟ್ರು. ಬೆಟ್ಟ ಹತ್ತುವುದು, ಹಕ್ಕಿ ನೋಡುವುದು ಅಂದರೆ ತುಂಬಾ ಇಷ್ಟ. ಯಾವುದಾದರೂ ಅಂತರರಾಷ್ಟ್ರೀಯ ಪ್ರಕೃತಿ ಸಂಸ್ಥೆಗೆ ಸದಸ್ಯನಾಗಬೇಕು ಅಂತ ಆಸೆ. ನಮ್ಮಂಥ ಊರಿನಲ್ಲಿ ಇರುವವರು ಸೇರಬಹುದಾ? ದುಡ್ಡು ಕಟ್ಟಿದರೆ ಏನು ಸಿಗುತ್ತೆ? ಕಾರ್ಡು ಇದ್ದರೆ ಬಂಡೀಪುರ, ನಾಗರಹೊಳೆಯಲ್ಲಿ ಚಾರಣಕ್ಕೆ ಬಿಡುತ್ತಾರಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ ಮೇಷ್ಟ್ರೇ. ಬಿಡುವುದಿಲ್ಲ. ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಕಾಡಿನ ಗೇಟಿನಲ್ಲಿ ಪ್ರಪಂಚದ ಯಾವ ಸಂಸ್ಥೆಯ ಕಾರ್ಡು ತೋರಿಸಿದರೂ ಪ್ರಯೋಜನವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕಾಗಲಿ, ರಾಷ್ಟ್ರೀಯ ಉದ್ಯಾನಕ್ಕಾಗಲಿ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಸದಸ್ಯರಿಗೂ ಒಂದೇ, ಉಳಿದವರಿಗೂ ಒಂದೇ. ಹಾಗೆ ಇರುವುದೇ ಸರಿ ಅಂತ ನನಗೆ ಅನ್ನಿಸುತ್ತದೆ. ಹುಲಿ ಇರುವ ಕಾಡಿನಲ್ಲಿ ಮನುಷ್ಯರ ಓಡಾಟ ಕಡಿಮೆ ಇದ್ದಷ್ಟೂ ಒಳ್ಳೆಯದು.

ಇನ್ನು ಸೇರಬಹುದಾ ಅಂತ ಕೇಳಿದಿರಿ. ಖಂಡಿತ ಸೇರಬಹುದು. ಆದರೆ ‘ಸದಸ್ಯ’ ಅನ್ನುವ ಮಾತಿಗೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ. ನಿಮ್ಮ ಊರಿನ ಹಾಲಿನ ಡೇರಿಯನ್ನೇ ನೋಡಿ. ಅಲ್ಲಿ ಸದಸ್ಯ ಅಂದರೆ ಷೇರು ಇರುತ್ತದೆ, ಮತ ಇರುತ್ತದೆ, ವರ್ಷಕ್ಕೊಮ್ಮೆ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹಕ್ಕು ಇರುತ್ತದೆ. ಪ್ರಕೃತಿ ಸಂಸ್ಥೆಗಳಲ್ಲಿ ಕೆಲವು ಮಾತ್ರ ಹಾಗಿವೆ. ಪಾಂಡಾ ಚಿಹ್ನೆಯ ಡಬ್ಲ್ಯುಡಬ್ಲ್ಯುಎಫ್ ಶುರುವಾಗಿದ್ದು 1961ರಲ್ಲಿ, ಅದರ ಭಾರತದ ಸಂಸ್ಥೆ 1969ರಲ್ಲಿ. ಇದು ಟ್ರಸ್ಟ್. ದುಡ್ಡು ಕೊಟ್ಟವರು ಅದರ ಬೆಂಬಲಿಗರು, ಡೇರಿಯ ಷೇರುದಾರರಂತೆ ಅಲ್ಲ. ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿ ಮಾಡುವ ಐಯುಸಿಎನ್ ಶುರುವಾಗಿದ್ದು 1948ರಲ್ಲಿ. ಅದಕ್ಕೆ ಸರ್ಕಾರಗಳು, ಸಂಘ ಸಂಸ್ಥೆಗಳು ಮಾತ್ರ ಸದಸ್ಯರಾಗುತ್ತವೆ. ನೀವು, ನಾನು ಆಗಲು ಬರುವುದಿಲ್ಲ. ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಬಿಎನ್‌ಎಚ್‌ಎಸ್ ಅಂತರರಾಷ್ಟ್ರೀಯ ಸಂಸ್ಥೆ ಅಲ್ಲ. ಆದರೆ 1883ರಿಂದ ನಡೆದುಬಂದಿದೆ, ಯಾರು ಬೇಕಾದರೂ ಸದಸ್ಯರಾಗಬಹುದು. ಹಕ್ಕಿಯಲ್ಲಿ ಆಸಕ್ತಿ ಇರುವವರಿಗೆ ನಾನು ಮೊದಲು ಹೇಳುವ ಹೆಸರು ಅದೇ.

ನಿಮಗೆ ನಡೆಯುವುದು, ಬೆಟ್ಟ ಹತ್ತುವುದು ಜಾಸ್ತಿ ಇಷ್ಟವಾದರೆ ದಾರಿ ಬೇರೆ. ನೀವು ಮೇಷ್ಟ್ರು ಅಂದಿರಲ್ಲ, ಅದಕ್ಕೇ ಇಬ್ಬರು ಮೇಷ್ಟ್ರ ವಿಷಯ ಹೇಳಬೇಕು. 1895ರಲ್ಲಿ ವಿಯೆನ್ನಾದಲ್ಲಿ ಗಿಯೋರ್ಗ್ ಶ್ಮಿಡ್ಲ್ ಅನ್ನುವ ಮೇಷ್ಟ್ರು, ಪ್ರಕೃತಿಯನ್ನು ಪ್ರೀತಿಸುವವರು ಬನ್ನಿ ಅಂತ ಕಾರ್ಮಿಕರ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟರು. ಬಂದವರಲ್ಲಿ ಒಬ್ಬರು ಕಮ್ಮಾರ, ಇನ್ನೊಬ್ಬ ವಿದ್ಯಾರ್ಥಿ. ಆ ವಿದ್ಯಾರ್ಥಿ ಕಾರ್ಲ್ ರೆನ್ನರ್ ಮುಂದೆ ಆಸ್ಟ್ರಿಯಾದ ಅಧ್ಯಕ್ಷರೇ ಆದರು. ಬೆಟ್ಟ, ಕಾಡು ಎಲ್ಲ ಉಳ್ಳವರ ವಿಹಾರಕ್ಕೆ ಅನ್ನುವಂತಿದ್ದ ಕಾಲದಲ್ಲಿ ಕೂಲಿಯವರೂ ರಜಾ ದಿನ ಬೆಟ್ಟಕ್ಕೆ ಹೋಗಬೇಕು ಅಂತ ಇವರು ಕಟ್ಟಿದ ಸಂಘವೇ ಇವತ್ತಿನ ನೇಚರ್‌ಫ್ರೆಂಡ್ಸ್.

ಎರಡನೆಯವರು ಜರ್ಮನಿಯ ರಿಚರ್ಡ್ ಶಿರ್‌ಮನ್. 1909ರಲ್ಲಿ ಮಕ್ಕಳನ್ನು ಕರೆದುಕೊಂಡು ನಡೆದು ಹೊರಟಿದ್ದಾಗ ಗುಡುಗು ಮಳೆಗೆ ಸಿಕ್ಕಿಕೊಂಡರು. ಆ ರಾತ್ರಿ ಒಂದು ಹಳ್ಳಿ ಶಾಲೆಯಲ್ಲಿ ಮಲಗಬೇಕಾಯಿತು. ರಜೆಯಲ್ಲಿ ಶಾಲೆಗಳೆಲ್ಲ ಸುಮ್ನೆ ಬೀಗ ಹಾಕಿಕೊಂಡು ಬಿದ್ದಿರುತ್ತವೆ, ನಡೆಯುವ ಮಕ್ಕಳಿಗೆ ಅಲ್ಲೇ ಮಲಗಲು ಜಾಗ ಕೊಟ್ಟರೆ ಹೇಗೆ ಅಂತ ಅವರಿಗೆ ಹೊಳೆಯಿತು. ಯೂತ್ ಹಾಸ್ಟೆಲ್ ಹುಟ್ಟಿದ್ದು ಹೀಗೆ. ಆ ಜಾಲದಲ್ಲಿ ನಮ್ಮ ದೇಶದ ಸಂಸ್ಥೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. ಹೆಸರಿನಲ್ಲಿ ‘ಯೂತ್’ ಇದ್ದರೂ ವಯಸ್ಸಾದವರೂ ಸೇರಬಹುದು. ಪ್ರತಿ ವರ್ಷ ಹಿಮಾಲಯದಲ್ಲಿ ಚಾರಣ ಏರ್ಪಡಿಸುತ್ತಾರೆ, ಖರ್ಚು ನಮ್ಮಂಥವರ ಕೈಗೆ ಎಟುಕುವಷ್ಟೇ ಇರುತ್ತದೆ. ಕಾರ್ಡು ತಗೊಂಡು ಅದನ್ನು ನಿಜವಾಗಿ ಬಳಸಬೇಕು ಅನ್ನುವವರಿಗೆ ಇದು ಒಳ್ಳೆಯ ಆಯ್ಕೆ.

ದುಡ್ಡಿನ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ವಿದೇಶಿ ಸಂಸ್ಥೆಗೆ ಆನ್‌ಲೈನಿನಲ್ಲಿ ಚಂದಾ ಕಟ್ಟಿದೆ. ಡಾಲರ್ ಲೆಕ್ಕ, ಮೇಲೆ ಬ್ಯಾಂಕಿನ ಶುಲ್ಕ. ಕಾರ್ಡು ನಂಬರ್ ಕೊಡುವಾಗ ‘ಪ್ರತಿ ವರ್ಷ ತಾನಾಗಿ ನವೀಕರಿಸಿ’ ಅನ್ನುವ ಜಾಗದಲ್ಲಿ ಮೊದಲೇ ಗುರುತು ಹಾಕಿತ್ತು. ನಾನು ಗಮನಿಸಲಿಲ್ಲ. ಮಾರನೇ ವರ್ಷವೂ ದುಡ್ಡು ಹೋಯಿತು. ಆ ಎರಡು ವರ್ಷ ನನಗೆ ಬಂದದ್ದು ಬರೀ ಇಮೇಲ್. ಆ ದೇಶದಲ್ಲಿ ಅವರು ಮಾಡುವ ಕೆಲಸ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಸೂರಿನಲ್ಲಿ ಕೂತ ನನಗೆ ಅಲ್ಲಿ ಮಾಡಲು ಏನೂ ಕೆಲಸ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಆ ಸಂಸ್ಥೆಗೆ ಭಾರತದಲ್ಲಿ ನೋಂದಣಿಯಾದ ಘಟಕ ಇದೆಯಾ ನೋಡಿ. ಇದ್ದರೆ ರೂಪಾಯಿಯಲ್ಲೇ ಕಟ್ಟಿ, ರಸೀದಿ ತಗೊಳ್ಳಿ. ವಿದೇಶಿ ಸಂಸ್ಥೆಗೆ ನೇರವಾಗಿ ಕಳಿಸಿದ ದೇಣಿಗೆಗೆ ಇಲ್ಲಿ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ. ಇಲ್ಲಿನ ಸಂಸ್ಥೆಗೆ ಕೊಟ್ಟರೂ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಇಲ್ಲ. ತಾನಾಗಿ ನವೀಕರಣ ಬೇಡ ಅಂದರೆ ಕಟ್ಟುವಾಗಲೇ ಆ ಗುರುತು ತೆಗೆದುಬಿಡಿ.

ಹಾಗಾದರೆ ‘ಅಂತರರಾಷ್ಟ್ರೀಯ’ ಅನ್ನುವುದಕ್ಕೆ ಬೆಲೆಯೇ ಇಲ್ಲವಾ? ಇದೆ. ಆದರೆ ಅದು ಕಾರ್ಡಿನಲ್ಲಿ ಇಲ್ಲ. ಅದನ್ನು ನೋಡಬೇಕಾದರೆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗಿ. ಮೈಸೂರು ಅರಸರ ವಂಶದ ಕಥೆಯಲ್ಲಿ ಬರುವ ಅದೇ ಹದಿನಾರು. ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಬಣ್ಣದ ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಕೆಲವು ಹಕ್ಕಿಗಳ ಕೊರಳಲ್ಲಿ ಅಕ್ಷರ, ಅಂಕಿ ಬರೆದ ಪಟ್ಟಿ ಕಂಡಿದೆ. ಅದನ್ನು ಓದಿ ಬರೆದು ಕಳಿಸಿದಾಗ, ಪಟ್ಟಿ ಹಾಕಿದ್ದು ಮಂಗೋಲಿಯಾದಲ್ಲಿ ಅಂತ ಗೊತ್ತಾಯಿತು. ಹಿಮಾಲಯ ದಾಟಿ ಬಂದ ಹಕ್ಕಿ ನಮ್ಮ ಕೆರೆಯಲ್ಲಿ ಈಜಾಡಿ, ಕೊಯ್ಲಾದ ಗದ್ದೆಯಲ್ಲಿ ಮೇಯುತ್ತದೆ. ಅದು ಉಳಿಯಬೇಕಾದರೆ ಅಲ್ಲಿಯ ಸರೋವರವೂ ಇರಬೇಕು, ಇಲ್ಲಿಯ ಕೆರೆಯೂ ಇರಬೇಕು. ಒಂದೇ ದೇಶದವರು ಕಾಪಾಡಿದರೆ ಸಾಲದು, ಅಲ್ವಾ?

ಈ ಕಾರಣಕ್ಕೇ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ ಇದನ್ನು ನಡೆಸುತ್ತದೆ, ಗಣತಿ ಶುರುವಾಗಿದ್ದು 1987ರಲ್ಲಿ. ಎಣಿಸುವವರು ಬಹುತೇಕ ನಿಮ್ಮಂಥವರೇ. ಕೆರೆ ಏರಿಯ ಮೇಲೆ ನಿಂತು ಬೈನಾಕ್ಯುಲರ್ ಹಿಡಿದು ಎಣಿಸಿ, ಬರೆದು ಕೊಡುತ್ತಾರೆ. ಆ ಲೆಕ್ಕ ಎಲ್ಲಿಗೆ ಹೋಗುತ್ತದೆ ಗೊತ್ತಾ? ರಾಮ್‌ಸಾರ್ ಅನ್ನುವುದು ಜೌಗು ಪ್ರದೇಶಗಳನ್ನು ಕಾಪಾಡಲು ದೇಶಗಳು ಮಾಡಿಕೊಂಡ ಒಪ್ಪಂದ. ಅದರ ಪಟ್ಟಿಗೆ ಜಾಗ ಆರಿಸಲು ಕೆಲವು ಅಳತೆಗಳಿವೆ. ಒಂದು ಜಾತಿಯ ಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಭಾಗ ಒಂದೇ ಕಡೆ ಸೇರುತ್ತದೆಯಾ ಅನ್ನುವುದು ಅದರಲ್ಲಿ ಒಂದು. ಯಾರಾದರೂ ಎಣಿಸಿದ್ದರೆ ತಾನೇ ಅದು ತಿಳಿಯುವುದು? ನಿಮ್ಮ ಪಕ್ಕದ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು 2022ರಲ್ಲಿ ಆ ಪಟ್ಟಿ ಸೇರಿತು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಅರಸರು ಅದನ್ನು ಪಕ್ಷಿಧಾಮ ಮಾಡಿದ್ದರು.

ಈ ಗಣತಿಗೆ ಚಂದಾ ಇಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಪ್ರಪಂಚದ ಹಕ್ಕಿ ಎಣಿಕೆಗೂ ಇಲ್ಲ. ಇ-ಬರ್ಡ್ ಆ್ಯಪ್ ಹಾಕಿಕೊಂಡು 15 ನಿಮಿಷ ಒಂದು ಕಡೆ ನೋಡಿ, ಕಂಡಿದ್ದನ್ನೆಲ್ಲ ಬರೆದರೆ ಸಾಕು. ಮಕ್ಕಳನ್ನೂ ಸೇರಿಸಿಕೊಳ್ಳಬಹುದು. ಮೈಸೂರಿನ ಹವ್ಯಾಸಿಗಳು ಊರನ್ನು ಚೌಕ ಚೌಕ ಮಾಡಿಕೊಂಡು, ಬೀದಿ ಬೀದಿ ನಡೆದು ಇಡೀ ನಗರದ ಹಕ್ಕಿ ನಕ್ಷೆ ಮಾಡಿದ್ದಾರೆ. ಅವರ ಜೊತೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಭಾನುವಾರ ನಡೆದರೆ, ನಾನು ಎರಡು ವರ್ಷದ ಇಮೇಲ್‌ನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಒಮ್ಮೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಿ ಬನ್ನಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಎತ್ತಿ, ಮೀನು ತಿನ್ನಿಸಿ ಬೆಳೆಸುತ್ತಾರೆ. ಸಂರಕ್ಷಣೆ ಅಂದರೆ ಏನು ಅಂತ ನಾನು ಸರಿಯಾಗಿ ತಿಳಿದುಕೊಂಡದ್ದು ಆ ಊರಿನಲ್ಲಿ.

ಆದ್ದರಿಂದ ಮೇಷ್ಟ್ರೇ, ಚಾರಣದ ಆಸೆಗೆ ಯೂತ್ ಹಾಸ್ಟೆಲ್ ಕಾರ್ಡು ಮಾಡಿಸಿ. ಹಕ್ಕಿಯ ಆಸೆಗೆ ಬಿಎನ್‌ಎಚ್‌ಎಸ್ ಸೇರಿ. ದೂರದ ಕಾಡಿಗೂ ನೆರವಾಗಬೇಕು ಅನ್ನಿಸಿದರೆ ದೇಣಿಗೆ ಅಂತಲೇ ಕೊಡಿ, ಅದರಿಂದ ನಿಮಗೆ ಏನು ಬರುತ್ತದೆ ಅಂತ ನೋಡಬೇಡಿ. ಇವೆಲ್ಲಕ್ಕೂ ಮೊದಲು ಒಂದು ನೋಟ್‌ಪುಸ್ತಕ ತಗೊಂಡು ಬೆಳಿಗ್ಗೆ ಆರೂವರೆಗೆ ತೊಣ್ಣೂರು ಕೆರೆಗೆ ಹೋಗಿ. ಪಾಂಡವಪುರದಿಂದ ಹತ್ತಿರವೇ ಇದೆ. ದಿನಾಂಕ, ಹೊತ್ತು, ಕಂಡ ಹಕ್ಕಿ, ಎಷ್ಟು ಅಂತ ಬರೆಯಿರಿ. ಹೆಸರು ಗೊತ್ತಿಲ್ಲದ ಹಕ್ಕಿಗೆ ಒಂದು ಸಣ್ಣ ಚಿತ್ರ ಗೀಚಿಟ್ಟುಕೊಳ್ಳಿ, ಆಮೇಲೆ ಗೊತ್ತಿರುವವರನ್ನು ಕೇಳಬಹುದು.