ಯಾವ ದೇಶದವರಿಗೆ ಜಾಸ್ತಿ ಪುರುಸೊತ್ತು? ಅಂಕಿ ಓದುವಾಗ ನೋಡಬೇಕಾದದ್ದು

ಕೆಲಸ–ಬಿಡುವಿನ ಪಾಠ ಬಂದರೆ ಎಲ್ಲರೂ ಮೊದಲು ಬರೆಯುವುದು ಒಇಸಿಡಿಯ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಂಘಟನೆ) ದುಡಿಮೆ ಗಂಟೆಗಳ ಪಟ್ಟಿಯನ್ನೇ. 2022ರಲ್ಲಿ ಜರ್ಮನಿಯಲ್ಲಿ ಒಬ್ಬರ ಸರಾಸರಿ ದುಡಿಮೆ ವರ್ಷಕ್ಕೆ ಸುಮಾರು 1,340 ಗಂಟೆ, ಅಮೆರಿಕದಲ್ಲಿ 1,800ರ ಆಸುಪಾಸು, ಮೆಕ್ಸಿಕೊದಲ್ಲಿ 2,200ಕ್ಕೂ ಜಾಸ್ತಿ. ಇಷ್ಟು ನೋಡಿ ಜರ್ಮನಿಯವರು ಆರಾಮಾಗಿದ್ದಾರೆ ಎಂದು ಬರೆದುಬಿಡುತ್ತೇವೆ.

ಸ್ವಲ್ಪ ತಡೆಯಿರಿ. ಈ ಸರಾಸರಿಯಲ್ಲಿ ದಿನವಿಡೀ ದುಡಿಯುವವರ ಜೊತೆಗೆ ಅರ್ಧ ದಿನ ದುಡಿಯುವವರೂ ಸೇರಿದ್ದಾರೆ. ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಪಾರ್ಟ್‌ಟೈಮ್ ಕೆಲಸ ತುಂಬಾ, ಅದರಲ್ಲೂ ಹೆಂಗಸರಲ್ಲಿ, ಹಾಗಾಗಿ ಸರಾಸರಿ ತಾನಾಗೇ ಕೆಳಗಿಳಿಯುತ್ತದೆ. ಆ ಹೆಂಗಸರು ಉಳಿದರ್ಧ ದಿನ ಮಗು ನೋಡಿಕೊಳ್ಳುತ್ತಿದ್ದರೆ ಅದನ್ನು ಬಿಡುವು ಅನ್ನೋಕಾಗುತ್ತಾ? ಇನ್ನೊಂದು ವಿಷಯ. ದೇಶದಿಂದ ದೇಶಕ್ಕೆ ಲೆಕ್ಕ ಹಾಕುವ ರೀತಿಯೇ ಬೇರೆ ಇರುವುದರಿಂದ, ಒಂದೇ ದೇಶದಲ್ಲಿ ವರ್ಷಗಳು ಕಳೆದಂತೆ ಏನಾಯಿತು ಎಂದು ನೋಡಲಿಕ್ಕೆ ಈ ಪಟ್ಟಿ ಸರಿ, ಒಂದೇ ವರ್ಷದಲ್ಲಿ ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟು ಅಳೆಯಲಿಕ್ಕಲ್ಲ ಎಂದು ಒಇಸಿಡಿಯೇ ಎಚ್ಚರಿಸಿದೆ. ಪರೀಕ್ಷೆಯಲ್ಲಿ ಈ ಮಾತು ಬರೆಯಿರಿ, ಹೆಚ್ಚಿನವರು ಬಿಡುತ್ತಾರೆ.

ಕಾನೂನನ್ನು ಬೇಗ ಮುಗಿಸೋಣ. ಫ್ರಾನ್ಸ್‌ನಲ್ಲಿ 1936ರಲ್ಲಿ 2 ವಾರ ಸಂಬಳದ ರಜೆ ಬಂತು, 1982ಕ್ಕೆ ಅದು 5 ವಾರವಾಯಿತು. ಅಲ್ಲಿನ ಹೆಸರಾದ ವಾರದ 35 ಗಂಟೆ ಮೇಲ್ಮಿತಿಯಲ್ಲ, ಅದು ದಾಟಿದರೆ ಓಟಿ ಲೆಕ್ಕ ಶುರು, ಅಷ್ಟೇ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವರ್ಷಕ್ಕೆ ಕಡಿಮೆಯೆಂದರೂ 4 ವಾರ ಸಂಬಳದ ರಜೆ ಕೊಡಲೇಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ದಕ್ಷಿಣ ಕೊರಿಯಾ 2018ರಲ್ಲಿ ವಾರದ ಮಿತಿಯನ್ನು 68ರಿಂದ 52 ಗಂಟೆಗೆ ಇಳಿಸಿತು. ಆದರೆ ಇದೆಲ್ಲ ಸಂಬಳದ ಕೆಲಸಕ್ಕೆ ಮಾತ್ರ. ಅಡುಗೆಮನೆಗೆ ಯಾವ ಕಾನೂನಿನ ಮಿತಿಯೂ ಇಲ್ಲ.

ಅದಕ್ಕೇ ಸಮಯದ ಡೈರಿ ಬೇಕಾಗುವುದು. ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಎಂದು ಗಂಟೆಗಂಟೆಗೆ ಬರೆಸಿಕೊಳ್ಳುವುದು. ಹಂಗೇರಿಯ ಸಮಾಜಶಾಸ್ತ್ರಜ್ಞ ಅಲೆಕ್ಸಾಂಡರ್ ಸಲೈ 1960ರ ದಶಕದಲ್ಲಿ 12 ದೇಶಗಳಲ್ಲಿ ಹೀಗೆ ದೊಡ್ಡ ಹೋಲಿಕೆ ಮಾಡಿಸಿದ. ನಾರ್ವೆಯ ಸಂಶೋಧಕ ಡಾಗ್‌ಫಿನ್ ಓಸ್ 1978ರಲ್ಲಿ ದಿನವನ್ನು ನಾಲ್ಕು ಪಾಲು ಮಾಡಿದ: ನಿದ್ದೆ–ಊಟದಂಥ ಬೇಕೇಬೇಕಾದ ಸಮಯ, ಸಂಬಳಕ್ಕೆ ಅಥವಾ ಶಾಲೆಗೆ ಒಪ್ಪಿಕೊಂಡ ಸಮಯ, ಮನೆ–ಮಕ್ಕಳು ಅಂತ ತಲೆ ಮೇಲೆ ಬಿದ್ದ ಸಮಯ, ಇವೆಲ್ಲ ಕಳೆದು ಉಳಿದ ಬಿಡುವು. ನನಗೆ ಇದರಲ್ಲಿ ಇಷ್ಟವಾದದ್ದು ಮೂರನೆಯ ಪಾಲು. ಒಇಸಿಡಿ ಗಂಟೆ ಲೆಕ್ಕದಲ್ಲಿ ಕಾಣದೇ ಹೋಗುವುದು ಇದೇ.

ಈಗ ನಮ್ಮ ದೇಶ. 2019ರಲ್ಲಿ ಇಡೀ ವರ್ಷ ಸಮಯ ಬಳಕೆ ಸಮೀಕ್ಷೆ ನಡೆಯಿತು, 6 ವರ್ಷ ಮತ್ತು ಮೇಲಿನ ಎಲ್ಲರದ್ದು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಮೂರು ಪಟ್ಟು ವ್ಯತ್ಯಾಸ ಎಂದು ಬರೆದು ಮುಂದೆ ಹೋಗಬೇಡಿ! ಇದು ಆ ದಿನ ಮನೆಗೆಲಸ ಮಾಡಿದವರ ಸರಾಸರಿ ಮಾತ್ರ. ಹಾಗೆ ಕೈಹಾಕಿದವರು ಹೆಂಗಸರಲ್ಲಿ 81.2%, ಗಂಡಸರಲ್ಲಿ ಬರೀ 26.1%. ಏನೂ ಮಾಡದವರನ್ನೂ ಸೇರಿಸಿ ಎಲ್ಲರಿಗೂ ಹಂಚಿ: 299ರ 81.2% ಅಂದರೆ ಸುಮಾರು 243 ನಿಮಿಷ, 97ರ 26.1% ಅಂದರೆ ಸುಮಾರು 25 ನಿಮಿಷ. ಮೂರು ಪಟ್ಟಿದ್ದದ್ದು ಹತ್ತಿರಹತ್ತಿರ ಹತ್ತು ಪಟ್ಟಾಯಿತು. ಒಂದೇ ಸಮೀಕ್ಷೆ, ಎರಡೂ ಅಂಕಿ ನಿಜ. ಯಾವುದನ್ನು ಬರೆದರೂ ಅದು 'ಮಾಡಿದವರ ಸರಾಸರಿ'ಯೋ 'ಎಲ್ಲರ ಸರಾಸರಿ'ಯೋ ಎಂದು ಪಕ್ಕದಲ್ಲೇ ಹೇಳಿ.

ವಿಂಗಡಣೆಯಲ್ಲೂ ಎಡವಬಹುದು. ಕೆಲಸಗಳನ್ನು 9 ದೊಡ್ಡ ವಿಭಾಗಗಳಾಗಿ ಮಾಡಿದ ವಿಶ್ವಸಂಸ್ಥೆಯ 2016ರ ಪಟ್ಟಿಯನ್ನೇ ನಮ್ಮಲ್ಲೂ ಬಳಸಿದ್ದಾರೆ. ಅದರಲ್ಲಿ ನೀರು ಹೊರುವುದು, ಸೌದೆ ತರುವುದು ಮನೆಗೆಲಸದ ವಿಭಾಗದಲ್ಲಿಲ್ಲ, ಸ್ವಂತ ಬಳಕೆಗೆ ಮಾಡುವ ಉತ್ಪಾದನೆ ಎಂಬ ಬೇರೆ ವಿಭಾಗದಲ್ಲಿದೆ. ಮಗುವಿನ ಆರೈಕೆಗೆ ಮತ್ತೊಂದು ವಿಭಾಗ. ಅಂದರೆ ಮೇಲಿನ 299 ನಿಮಿಷದಲ್ಲಿ ಇವು ಯಾವುವೂ ಸೇರಿಲ್ಲ. ಜಗಲಿ ಮೇಲೆ ಹರಟೆ, ದೇವರ ಪೂಜೆ ಎರಡೂ 7ನೆಯ ವಿಭಾಗ, ಟಿವಿ ನೋಡುವುದು 8ನೆಯದು. 'ಭಾರತದವರ ಬಿಡುವು ಎಷ್ಟು' ಎಂದು 8ನ್ನು ಮಾತ್ರ ತೆಗೆದುಕೊಂಡರೆ ಹರಟೆ ಪೂರ್ತಿ ಹೋಯಿತು. ನಮ್ಮ ಊರುಗಳಲ್ಲಿ ಬಿಡುವೆಂದರೆ ಮುಕ್ಕಾಲು ಪಾಲು ಅದೇ ಅಲ್ವಾ?

ಹೊರದೇಶದ ಜೊತೆ ಹೋಲಿಸುವಾಗ ವಯಸ್ಸನ್ನೂ ನೋಡಿ. ಅಮೆರಿಕದಲ್ಲಿ 15 ದಾಟಿದವರನ್ನು ಮಾತ್ರ ಫೋನ್ ಮಾಡಿ ಕೇಳುತ್ತಾರೆ. ನಮ್ಮದರಲ್ಲಿ ಶಾಲೆಯ ಮಕ್ಕಳೂ ಇರುವುದರಿಂದ ಸಂಬಳದ ಕೆಲಸದ ಸರಾಸರಿ ಸುಮ್ನೆ ಇಳಿದಿರುತ್ತದೆ. ಯುರೋಪಿನ ಡೈರಿಯಲ್ಲಿ 10 ನಿಮಿಷಕ್ಕೊಂದು ಸಾಲು, ನಮ್ಮಲ್ಲಿ ಅರ್ಧ ಗಂಟೆಗೊಂದು, ಹಾಗಾಗಿ ಐದು ನಿಮಿಷದ ಕಾಫಿ ವಿರಾಮ ನಮ್ಮಲ್ಲಿ ದಾಖಲಾಗುವುದಿಲ್ಲ.

2024ರಲ್ಲಿ ಸಮೀಕ್ಷೆ ಮತ್ತೆ ನಡೆದಿದೆ. ಮನೆಗೆಲಸ ಮಾಡಿದ ಹೆಂಗಸರ ಸರಾಸರಿ 289 ನಿಮಿಷ, ಗಂಡಸರದ್ದು 88. ಹೆಂಗಸರ ಹೊರೆ 10 ನಿಮಿಷ ಇಳಿಯಿತು ಎಂದು ಬರೆಯುವವರು ಗಂಡಸರದ್ದೂ 9 ನಿಮಿಷ ಇಳಿದದ್ದನ್ನು ಬಿಡಬಾರದು. ಅಂತರ ಆಗ 202 ನಿಮಿಷ, ಈಗ 201.