ಸ್ಟ್ರೈಫ್: 1997ರ ದಾಖಲೆ ಇನ್ನೂ ಯಾಕೆ ಮುರಿದಿಲ್ಲ?

1997ರ ಜನವರಿಯಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಸ್ಟ್ರೋಬ್ಲ್ ಸ್ಕೀ ಕಟ್ಟಿಕೊಂಡು ಒಂದು ಬೆಟ್ಟ ಇಳಿದರು. ತಗುಲಿದ್ದು 1 ನಿಮಿಷ 51.58 ಸೆಕೆಂಡು. ಅದಾದ ಮೇಲೆ ಸ್ಕೀಗಳು ಬದಲಾಗಿವೆ, ಮೈಗಂಟುವ ಉಡುಪು ಬದಲಾಗಿದೆ, ತರಬೇತಿಯ ರೀತಿಯೂ ಬದಲಾಗಿದೆ. ಆ ದಾಖಲೆ ಮಾತ್ರ ಕದಲಿಲ್ಲ. ಓಟದ ಆಟಗಳಲ್ಲಿ ಇಷ್ಟು ಹಳೆಯ ದಾಖಲೆ ಉಳಿಯುವುದು ಅಪರೂಪ ಅಲ್ವಾ? ಯಾಕೆ ಅಂತ ತಿಳಿಯಬೇಕಿದ್ದರೆ ಸ್ಟ್ರೈಫ್ ಎಂಬ ಆ ಬೆಟ್ಟದ ದಾರಿಯ ಕಥೆ ಕೇಳಬೇಕು.

ಊರಿನ ಹೆಸರು ಕಿಟ್ಸ್‌ಬ್ಯೂಲ್. ಆಸ್ಟ್ರಿಯಾದ ಟಿರೋಲ್ ಸೀಮೆಯ ಹಳೆಯ ಪೇಟೆ. ಅದರ ಮಗ್ಗುಲಿಗೇ ಹಾನೆನ್‌ಕಾಮ್ ಬೆಟ್ಟ. ಹಾಗೆಂದರೆ ಹುಂಜದ ಜುಟ್ಟು. ಅಲ್ಲಿ ಮೊದಲ ಸ್ಕೀ ಓಟ ನಡೆದದ್ದು 1931ರಲ್ಲಿ. ಗೆದ್ದವರು ಫೆರ್ಡಲ್ ಫ್ರೀಡೆನ್ಸ್‌ಬಾಹರ್, ನಾಲ್ಕೂವರೆ ನಿಮಿಷದಲ್ಲಿ. ಆಗಿನ ದಾರಿ ಬೇರೆ. ಈಗ ಎಲ್ಲರೂ ಹೆಸರಿಸುವ ಸ್ಟ್ರೈಫ್ ದಾರಿಯಲ್ಲಿ ಓಟ ಶುರುವಾದದ್ದು 1937ರಲ್ಲಿ. ಮರದ ಸ್ಕೀ, ಚರ್ಮದ ಬೂಟು. ಮುಂದೆ ಯುದ್ಧ ಬಂತು, ಓಟ ನಿಂತಿತು, 1946ರಲ್ಲಿ ಮತ್ತೆ ಹೊರಟಿತು.

ದಾರಿಯ ಉದ್ದ 3,312 ಮೀಟರ್. 1,665 ಮೀಟರ್ ಎತ್ತರದಲ್ಲಿ ಹೊರಟು 805 ಮೀಟರ್‌ಗೆ ಬಂದು ನಿಲ್ಲಬೇಕು. ಹೊರಟ ಕೆಲವೇ ಸೆಕೆಂಡಿನಲ್ಲಿ ಎದುರಾಗುವುದು 'ಮೌಸಫಾಲೆ', ಅಂದರೆ ಇಲಿಬೋನು. ಅಲ್ಲಿನ ಇಳಿಜಾರು ಶೇ. 85. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 85 ಮೀಟರ್ ಕೆಳಗೆ! ಆ ಅಂಚಿನಿಂದ ಹಾರಿದವರು ಹತ್ತಾರು ಮೀಟರ್ ಗಾಳಿಯಲ್ಲೇ ಇರುತ್ತಾರೆ. ಇಳಿದ ತಕ್ಷಣ ತಿರುವು, ಅದರ ಬೆನ್ನಿಗೇ 'ಷ್ಟೈಲ್‌ಹಾಂಗ್' ಎಂಬ ಕಡಿದಾದ ಇಳುಕಲು. ನಡುವೆ ಒಂದಿಷ್ಟು ಸಮತಟ್ಟು ಜಾಗ. ಇಷ್ಟರಲ್ಲಿ ತೊಡೆ ಸೋತಿರುತ್ತದೆ, ಉಸಿರು ಮೇಲುಬ್ಬಸ. ಸರಿಯಾಗಿ ಆಗಲೇ ಬರುವುದು ಹೌಸ್‌ಬೆರ್ಗ್ ಅಂಚು: ಇನ್ನೊಂದು ಹಾರಾಟ, ಆಮೇಲೆ ಅಡ್ಡ ಓರೆಯಾದ ಗುಡ್ಡೆಯಲ್ಲಿ ಜಾರದಂತೆ ಹಿಡಿತ. ಕೊನೆಯ ನೇರ ಇಳಿಜಾರಿನಲ್ಲಿ ವೇಗ ಗಂಟೆಗೆ 140 ಕಿಲೋಮೀಟರ್ ದಾಟುವುದುಂಟು. ಇದಕ್ಕೆ ಸರಿಯಾಗಿ ಹಿಮವೂ ಮೆತ್ತಗಿರುವುದಿಲ್ಲ. ನೀರು ಕುಡಿಸಿ ಕಲ್ಲಿನಂತೆ ಗಟ್ಟಿ ಮಾಡಿರುತ್ತಾರೆ. ಮೆತ್ತನೆ ಹಿಮವಾದರೆ ಮೊದಲ ಹತ್ತು ಜನ ಹೋಗುವಷ್ಟರಲ್ಲಿ ಹಳ್ಳ ಬಿದ್ದುಹೋಗುತ್ತದೆ.

ದಾರಿಯ ನಡುವಿನ ಜೈಡ್ಲಾಲ್ಮ್ ಎಂಬ ಬೆಟ್ಟದ ಮನೆಗೆ ಬೇರೆಯದೇ ಚರಿತ್ರೆ ಇದೆ. 1966ರ ಜನವರಿಯಲ್ಲಿ ಪತ್ರಕರ್ತ ಸೆರ್ಜ್ ಲಾಂಗ್, ಫ್ರಾನ್ಸ್ ತಂಡದ ಒನೊರೆ ಬೊನೆ, ಅಮೆರಿಕ ತಂಡದ ಬಾಬ್ ಬೀಟಿ ಅಲ್ಲಿ ಕೂತು ಮಾತಾಡಿದ್ದರಿಂದಲೇ ಸ್ಕೀ ವಿಶ್ವಕಪ್ಪಿನ ಯೋಚನೆ ಹುಟ್ಟಿತು. ಮುಂದಿನ ಚಳಿಗಾಲಕ್ಕೆ ಅದು ಶುರುವೂ ಆಯಿತು.

ಆಮೇಲೆ ಗಡಿಯಾರದ ಮುಳ್ಳು ಹಿಂದೆ ಸರಿಯುತ್ತಲೇ ಹೋಯಿತು. 1975ರಲ್ಲಿ ಆಸ್ಟ್ರಿಯಾದ ಫ್ರಾಂಜ್ ಕ್ಲಾಮರ್ ಇಟಲಿಯ ಗುಸ್ತಾವ್ ಥೋನಿಯನ್ನು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಸೋಲಿಸಿದರು. ಎರಡು ನಿಮಿಷ ಮೂರು ಸೆಕೆಂಡಿನ ಓಟ ಅದು. 1982ರಲ್ಲಿ ಹಾರ್ಟಿ ವೈರಾಥರ್ ಎರಡು ನಿಮಿಷದೊಳಗೆ ಮುಗಿಸಿದರು. ಸ್ಟ್ರೋಬ್ಲ್ ಬಂದಾಗ ಸರಾಸರಿ ವೇಗವೇ ಗಂಟೆಗೆ ಸುಮಾರು 107 ಕಿಲೋಮೀಟರ್. ಬ್ರೇಕಿಲ್ಲ, ಸೀಟ್ ಬೆಲ್ಟ್ ಇಲ್ಲ, ಕಾಲ ಕೆಳಗೆ ಎರಡು ಪಟ್ಟಿ ಅಷ್ಟೇ.

ಬಿದ್ದವರ ಪಟ್ಟಿಯೂ ಅದೇ ವೇಗದಲ್ಲಿ ಬೆಳೆಯಿತು. 1999ರಲ್ಲಿ ಒಲಿಂಪಿಕ್ ಚಾಂಪಿಯನ್ ಪಾಟ್ರಿಕ್ ಓರ್ಟ್‌ಲೀಬ್ ಇಲ್ಲಿ ಬಿದ್ದರು, ಅವರ ಆಟ ಅಲ್ಲಿಗೇ ಮುಗಿಯಿತು. 2009ರಲ್ಲಿ ಸ್ವಿಟ್ಜರ್‌ಲೆಂಡಿನ ಡೇನಿಯಲ್ ಆಲ್‌ಬ್ರೆಹ್ಟ್ ಕೊನೆಯ ಜಂಪಿನಲ್ಲಿ ಬಿದ್ದು ಮೂರು ವಾರ ಕೋಮಾದಲ್ಲಿದ್ದರು. 2011ರಲ್ಲಿ ಹಾನ್ಸ್ ಗ್ರುಗರ್ ಅಭ್ಯಾಸದ ದಿನವೇ ಇಲಿಬೋನಿನಲ್ಲಿ ಬಿದ್ದರು. ಮತ್ತೆ ರೇಸಿಗೆ ಬರಲಾಗಲಿಲ್ಲ.

ದಾಖಲೆ ಯಾಕೆ ಉಳಿದಿದೆ ಅನ್ನುವುದಕ್ಕೆ ಉತ್ತರ ಇಲ್ಲಿದೆ ಅನ್ನಿಸುತ್ತದೆ. ಒಂದು ಕಾಲಕ್ಕೆ ಆಯೋಜಕರ ಕೆಲಸ ದಾರಿ ಸಿದ್ಧ ಮಾಡುವುದಷ್ಟೇ ಆಗಿತ್ತು. ಈಗ ಅದಕ್ಕಿಂತ ಜಾಸ್ತಿ ಕೆಲಸ ವೇಗಕ್ಕೆ ಕಡಿವಾಣ ಹಾಕುವುದು. ದಾರಿ ಗುರುತಿಸುವ ಕಂಬಗಳಾದ ಗೇಟುಗಳನ್ನು ಅತ್ತಿತ್ತ ಸರಿಸಿ ತಿರುವು ಹೆಚ್ಚಿಸುತ್ತಾರೆ. ಜಂಪಿನ ಅಂಚು ಕೆತ್ತುತ್ತಾರೆ, ಬಲೆಗಳನ್ನು ಎತ್ತರಿಸುತ್ತಾರೆ. ಹೀಗಾಗಿ ಸ್ಟ್ರೋಬ್ಲ್ ಇಳಿದ ದಾರಿ ಮತ್ತು ಈಗಿನ ದಾರಿ ಹೆಸರಿಗಷ್ಟೇ ಒಂದು. ಐದು ಸಲ ಇಲ್ಲಿ ಗೆದ್ದ ಡಿಡಿಯೇ ಕ್ಯೂಷ್‌ಗೂ ಆ ಸಮಯ ಸಿಗಲಿಲ್ಲ.

ಹಾಗಂತ ಬೆಟ್ಟ ಪಳಗಿಲ್ಲ. 2016ರಲ್ಲಿ ಬೆಳಕು ಸರಿಯಿರಲಿಲ್ಲ. ನಾರ್ವೆಯ ಸ್ವಿಂಡಾಲ್, ಆಸ್ಟ್ರಿಯಾದ ರೈಖೆಲ್ಟ್ ಮತ್ತು ಸ್ಟ್ರೈಟ್‌ಬೆರ್ಗರ್ ಮೂವರೂ ಹೌಸ್‌ಬೆರ್ಗ್ ಹತ್ತಿರ ಬಿದ್ದರು. 30 ಜನ ಇಳಿದ ಮೇಲೆ ಓಟವನ್ನೇ ನಿಲ್ಲಿಸಬೇಕಾಯಿತು. 2021ರಲ್ಲಿ ಉರ್ಸ್ ಕ್ರುಯೆನ್‌ಬ್ಯೂಲ್ ಗುರಿ ಇನ್ನೇನು ಸಿಕ್ಕಿತು ಅನ್ನುವಾಗ ಕೊನೆಯ ಜಂಪಿನಲ್ಲಿ ಮುಗ್ಗರಿಸಿದರು. ವೇಗ ಗಂಟೆಗೆ ಸುಮಾರು 145 ಕಿಲೋಮೀಟರ್.

ಎರಡು ದಿನ ಬಿಟ್ಟು ಇನ್ನೊಂದು ಓಟವಿತ್ತು. ಅಷ್ಟರೊಳಗೆ ಆ ಜಂಪನ್ನು ತಗ್ಗಿಸಿದರು. ಹಿಂದಿನ ಮೂರು ವರ್ಷವೂ ಇಲ್ಲಿ ಎರಡನೇ ಸ್ಥಾನಕ್ಕೇ ನಿಂತಿದ್ದ ಬಿಯಾಟ್ ಫಾಯ್ಟ್ಸ್ ಜಂಪ್ ಇದ್ದ ದಿನವೂ ಗೆದ್ದರು, ತಗ್ಗಿಸಿದ ದಿನವೂ ಗೆದ್ದರು.