ತುಮಕೂರು ಸೇರಿತು, ಕೋಲಾರ ಉಳಿಯಿತು: ಕ್ರೈಸ್ತ ಪರಂಪರೆಯ ಹಳೇ ತಕರಾರು

ತುಮಕೂರಿನಲ್ಲಿ ಇಂಗ್ಲೆಂಡಿನ ಮೆಥಡಿಸ್ಟರ ವೆಸ್ಲಿಯನ್ ಮಿಷನ್, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್, ಕೋಲಾರದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್. ಮೂವರೂ ಪ್ರಾಟೆಸ್ಟೆಂಟರು, ಓದುವುದು ಅದೇ ಕನ್ನಡ ಸತ್ಯವೇದ. ಆದರೂ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದಾಗ ಮೊದಲಿನ ಇಬ್ಬರು ಸೇರಿದರು, ಕೋಲಾರದ ಮೆಥಡಿಸ್ಟರು ಸೇರಲಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಇಪ್ಪತ್ತೆಂಟು ವರ್ಷ ಎಳೆದಾಡಿದ್ದಕ್ಕೆ ದೊಡ್ಡ ಕಾರಣ ಬಿಷಪ್ಪರ ಪ್ರಶ್ನೆ: ಯೇಸುವಿನ ಅಪೊಸ್ತಲರಿಂದ ಒಬ್ಬರ ತಲೆಯ ಮೇಲೊಬ್ಬರು ಕೈಯಿಟ್ಟು ಸಾಲಾಗಿ ಬಂದ ಪಟ್ಟ ಸಭೆಗೆ ಬೇಕೇ ಬೇಕೆ?

ಬರೆದಿಟ್ಟ ಗ್ರಂಥವೊಂದೇ ಸಾಕೆ, ಕೈಯಿಂದ ಕೈಗೆ ಬಂದ ಪರಂಪರೆಯೂ ಬೇಕೆ ಎಂಬ ಈ ಜಗಳದ ಬೇರು ಸತ್ಯವೇದದಲ್ಲೇ ಇದೆ. ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸು ಹಿರಿಯರ ಸಂಪ್ರದಾಯವನ್ನು ಖಂಡಿಸುತ್ತಾನೆ. ಪೌಲನಾದರೋ ತಾನು ಪಡೆದದ್ದನ್ನೇ ಒಪ್ಪಿಸಿದೆನೆಂದು ಕೊರಿಂಥದವರಿಗೆ ಬರೆಯುತ್ತಾನೆ. ಸುಮಾರು 180ರಲ್ಲಿ ಐರೇನಿಯಸ್ ಎಂಬ ಬಿಷಪ್, ಗುಟ್ಟಿನ ಉಪದೇಶ ತಮ್ಮಲ್ಲಿದೆ ಎನ್ನುತ್ತಿದ್ದವರಿಗೆ ಉತ್ತರವಾಗಿ ರೋಮಿನ ಬಿಷಪ್ಪರ ಹೆಸರುಗಳನ್ನು ಸಾಲಾಗಿ ಬರೆದಿಟ್ಟ. ಗುಟ್ಟೇನಾದರೂ ಇದ್ದಿದ್ದರೆ ಇವರಿಗೆ ಗೊತ್ತಿರುತ್ತಿರಲಿಲ್ಲವೆ ಎಂಬುದು ವಾದ. ನಾಲ್ಕನೇ ಶತಮಾನದ ಬಿಷಪ್ ಬೆಸಿಲ್ ಸತ್ಯವೇದದ ಬರಹದಲ್ಲಿಲ್ಲದ ಪದ್ಧತಿಗಳನ್ನೇ ಹೆಸರಿಸಿದ: ಶಿಲುಬೆಯ ಗುರುತು, ಪೂರ್ವಕ್ಕೆ ಮುಖಮಾಡಿ ಪ್ರಾರ್ಥನೆ, ದೀಕ್ಷಾಸ್ನಾನದಲ್ಲಿ ಮೂರು ಮುಳುಗು. ಗ್ರಂಥವೊಂದೇ ಸಾಕೆಂದ ಲೂಥರನ ನಂತರ, 1546ರಲ್ಲಿ, ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆ ಲಿಖಿತ ಗ್ರಂಥಕ್ಕೂ ಅಲಿಖಿತ ಪರಂಪರೆಗೂ ಸಮಾನ ಗೌರವ ಎಂದಿತು. 1965ರಲ್ಲಿ ಅವರದೇ ವ್ಯಾಟಿಕನ್ ಮಹಾಸಭೆ ಎರಡೂ ಒಂದೇ ಬುಗ್ಗೆಯ ನೀರು ಎಂದು ದನಿ ಮೆತ್ತಗಾಗಿಸಿತು.

ಸಿಎಸ್‌ಐ ಹಿಡಿದದ್ದು ಜಾಣ ದಾರಿ. ಬಿಷಪ್ಪರು ಇರಲಿ, ಆ ಪಟ್ಟದ ಬಗ್ಗೆ ಯಾವ ಸಿದ್ಧಾಂತವನ್ನೂ ಯಾರ ಮೇಲೂ ಹೇರುವುದು ಬೇಡ. ಅವರಿಲ್ಲದೆ ದೀಕ್ಷೆ ಪಡೆದ ಹಳೇ ಸಭಾಪಾಲಕರಿಗೆ ಮತ್ತೆ ದೀಕ್ಷೆ ಕೊಡಲಿಲ್ಲ. ಹೊಸಬರಿಗೆಲ್ಲ ಬಿಷಪ್ಪರ ಕೈಯಿಂದಲೇ. ಬಿಷಪ್ಪರ ಸಾಲನ್ನು ಬಿಡದ ಇಂಗ್ಲೆಂಡಿನ ಹಲವು ಆಂಗ್ಲಿಕನ್ನರಿಗೆ ಇದು ನುಂಗಲಾರದ ತುತ್ತಾಯಿತು.

1950ರಲ್ಲಿ ಅದೇ ಸಭೆ ಕರ್ತನ ಭೋಜನದ ಹೊಸ ಆರಾಧನಾಕ್ರಮ ಹೊರತಂದು, ಎರಡನೇ ಶತಮಾನದ ಜಸ್ಟಿನ್ ಬರೆದಿರುವ, ಆರಾಧನೆಯಲ್ಲಿ ಒಬ್ಬರಿಗೊಬ್ಬರು ಕೊಡುವ ಸಮಾಧಾನದ ಮುದ್ದನ್ನು ಬೇರೆ ರೂಪದಲ್ಲಿ ಮರಳಿ ತಂದಿತು. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು, ಇಬ್ಬರ ಎಡಗೈಯೂ ಎದುರಿನವರ ಬಲಗೈಯನ್ನು ಮುಚ್ಚಬೇಕು. ಸಭಾಪಾಲಕರಿಂದ ಜೊತೆಯವರಿಗೆ, ಅವರಿಂದ ಸಭೆಗೆ ಅದು ಸಾಗುತ್ತದೆ. ಬರೀ ಕೈಕುಲುಕಿದರೆ ಆ ಕ್ರಮವೇ ತಪ್ಪಿತು.

ಇನ್ನು ಕೋಲಾರದವರಿಗೆ ಬಿಷಪ್ಪರು ಇರಲಿಲ್ಲವೆಂದಲ್ಲ. ತುಮಕೂರಿನ ವೆಸ್ಲಿಯನ್ನರಿಗೇ 1947ರವರೆಗೆ ಇರಲಿಲ್ಲ. ಮೆಥಡಿಸ್ಟ್ ಪಂಥದ ಮೂಲಪುರುಷ, ಬಿಷಪ್ ಅಲ್ಲದ ಜಾನ್ ವೆಸ್ಲಿ 1784ರಲ್ಲಿ ಥಾಮಸ್ ಕೋಕ್ ಮೇಲೆ ಕೈಯಿಟ್ಟು ಅಮೆರಿಕಕ್ಕೆ ಕಳಿಸಿದ. ಅಮೆರಿಕದ ಮೆಥಡಿಸ್ಟ್ ಬಿಷಪ್ಪರ ಸಾಲು ಅಲ್ಲಿಂದ ಶುರು. ಐರೇನಿಯಸನ ಪಟ್ಟಿಗೆ ಆ ಸಾಲು ಸೇರುವುದಿಲ್ಲ.